ನನ್ನ ಹರಿದ ಕಿವಿ ಮಾರೋಕಿಟ್ಟಿದ್ದು

ಗಡಿ ಆಚೆ ತಮಿಳು ಸೀಮೆ ಆಲಸನತ್ತಂನಲ್ಲಿ ಒಬ್ಬ ಡ್ರಾಯಿಂಗ್ ಮೇಷ್ಟ್ರ ಮನೇಲಿ ಹನ್ನೊಂದು ವರ್ಷ ಪಾತ್ರೆ ತಿಕ್ಕಿದೆ. ಒಂದಿನ ಮೇಷ್ಟ್ರು ನನ್ನ ಬಲಗಿವಿ ನೋಡಿ, "ಇದು ಹೆಂಗಮ್ಮ ಹರೀತು?" ಅಂದ್ರು. ಊರಿಗೆಲ್ಲ ಎಮ್ಮೆ ಕೊಂಬು ತಾಗ್ತು ಅಂತ ಹೇಳ್ಕೊಂಡು ಬಂದಿದ್ದೆ, ಮಕ್ಕಳಿಗೂ ಅದೇ ಸುಳ್ಳು. ಅವತ್ತು ಯಾಕೋ ನಿಜ ಬಾಯಿಗೆ ಬಂತು. ಕುಡಿಯೋಕೆ ಅಂತ ನನ್ನ ಗಂಡ ಓಲೆ ಕಿತ್ಕೊಂಡಾಗ ಹರಿದಿದ್ದು.

"ಯಾರಿಗೂ ಹೇಳ್ಬೇಡಿ ಮೇಷ್ಟ್ರೇ" ಅಂದೆ.

"ಇಲ್ಲಮ್ಮ" ಅಂದ್ರು.

ಹೋದ ವರ್ಷ ವರಾಂಡದಲ್ಲಿ ಹೊಸ ಚಿತ್ರ ನೇತಾಕಿದ್ರು. ಬರೀ ಕರಿ ಮಸಿ. ಒಬ್ಬ ಮುದುಕಿ. ಬಾಯಿಂದ ನಾಲಿಗೆ ಹೊರಗೆ ಬಂದು ಜೂಜುವಾಡಿ ಚೆಕ್‌ಪೋಸ್ಟ್ ರೋಡಾಗೈತೆ, ಅದರ ಮೇಲೆ ಸಾಲಾಗಿ ಲಾರಿ. ತಲೇಲಿ ಕೂದಲ ಬದಲು ಬೇರು. ಹರಿದ ಕಿವೀಲಿ ಒಬ್ಬ ಗಂಡಸು ಬಾಟ್ಲಿ ಹಿಡ್ಕೊಂಡು ನೇತಾಡ್ತಾ ಅವ್ನೆ. ಮೂಗಿನ ಮಚ್ಚೆ ಸಮೇತ ನಾನೇ. ಕೆಳಗೆ 'ಮಾರಾಟಕ್ಕೆ' ಅಂತ ತಮಿಳಲ್ಲಿ ಚೀಟಿ. ಅಷ್ಟು ಕೂಡಿಸಿ ಓದೋಕೆ ನನಗೆ ಬರುತ್ತೆ.

"ಹೇಳಲ್ಲ ಅಂದಿದ್ರಲ್ಲ?"

"ಹೇಳ್ಲಿಲ್ಲವಲ್ಲಮ್ಮ. ಬರೆದೆ ಅಷ್ಟೆ. ಕಲೆ ಇದು, ನಿನಗೆ ತಿಳಿಯಲ್ಲ."

ಬರೆದಿದ್ದಲ್ಲ ಅದು, ನನಗೆ ಬರೆ ಹಾಕಿದ್ದು. ತೆಗೀರಿ ಅಂದೆ. ತೆಗೀಲಿಲ್ಲ. ಜಗಳ ಆಡ್ಲಿಲ್ಲ ನಾನು. ಕಾದೆ.

ಒಂದು ಭಾನುವಾರ ಕಾರಲ್ಲಿ ಗಂಡ ಹೆಂಡ್ತಿ ಬಂದ್ರು. ಹೊಸ ಮನೆ ಕಟ್ಸಿದ್ರಂತೆ, ಬರೋ ವಾರ ಗೃಹಪ್ರವೇಶ. ಆಯಮ್ಮನಿಗೆ ಚಿತ್ರ ಹಿಡಿಸ್ತು. ಹಾಲಲ್ಲಿ ಸೋಫಾ ಮೇಲೆ ಹಾಕೋಣ ಅಂತ ತಮಿಳಲ್ಲಿ ಗಂಡನಿಗೆ ಹೇಳ್ತಿದ್ಲು. ಮೇಷ್ಟ್ರ ಮುಖ ಅರಳ್ತು. ನಾನು ಕಸಪೊರಕೆ ಹಿಡ್ಕೊಂಡೇ ಹತ್ರ ಹೋಗಿ, ನಾನೂ ತಮಿಳಲ್ಲೇ ಶುರು ಮಾಡ್ದೆ.

"ಒಳ್ಳೇ ದೃಷ್ಟಿ ಬೊಮ್ಮೆ ಆರಿಸಿದ್ದೀರಮ್ಮ. ಕಟ್ಟೋ ಮನೆ ಮುಂದೆ ಬೂದುಗುಂಬಳಕಾಯಿ ಪಕ್ಕ ಕಟ್ತಾರಲ್ಲ, ನಾಲಿಗೆ ಚಾಚಿದ್ದು, ಅದೇ. ಆದ್ರೆ ಹಾಲಲ್ಲಿ ಯಾರಮ್ಮ ಇಡ್ತಾರೆ? ಊರ ಕಣ್ಣೆಲ್ಲ ಒಳಗೇ ಬಂದು ಕೂತ್ಕೊಳುತ್ತೆ."

"ಅಯ್ಯೋ ಅಜ್ಜಿ, ನಿಜವಾ?"

"ಆ ನಾಲಿಗೆ ನೋಡಿ, ನೀವೇ ಹೇಳಿ."

ನೋಡಿದ್ಲು. ಗಂಡನ ತೋಳು ಹಿಡ್ಕೊಂಡ್ಲು. "ಇದು ಸರ್ರಿಯಲ್ ಆರ್ಟ್ ಮೇಡಂ, ಬೊಮ್ಮೆ ಅಲ್ಲ!" ಅಂತ ಮೇಷ್ಟ್ರು ಗೇಟಿನವರೆಗೂ ಹಿಂದೆ ಓಡಿದ್ರು. ಕಾರು ನಿಲ್ಲಲಿಲ್ಲ.

"ಹಾಳು ಮಾಡ್ಬುಟ್ಟೆಯಲ್ಲೇ ಮುದುಕಿ!"

"ಹೂಂ" ಅಂದೆ.

ಮಾರನೇ ದಿನದಿಂದ ಎದುರುಮನೇಲಿ ಕೆಲಸ ಹಿಡಿದೆ. ಬೇಕಂತಲೇ. ಚಿತ್ರ ಇನ್ನೂ ಅಲ್ಲೇ ಐತೆ. ಮೇಷ್ಟ್ರ ಮನೆ ಮುಂದೆ ಕಾರು ನಿಂತ್ರೆ ಪೊರಕೆ ತಗೊಂಡು ಬೀದಿ ಗುಡಿಸೋಕೆ ಬತ್ತೀನಿ. ನನ್ನ ಕಂಡ್ರೆ ಮೇಷ್ಟ್ರು ಬಾಗಿಲು ಹಾಕ್ಕೊಳ್ತಾರೆ. ಹಾಕ್ಕೊಳ್ಲಿ. ಒಳಗೆ ಹೋದೋರು ಹೊರಗೆ ಬರಲೇಬೇಕಲ್ಲ.