ಹಿಡಿತ ಅಳೆಯುವ ಸೈರಕಾನ್

2019ರ ನವೆಂಬರ್ 14, ಬೆಳಗಿನ ಆರು ಗಂಟೆ ಹತ್ತು ನಿಮಿಷ. ಚೂಯ್ ಕಣಿವೆಯ ಸೆರೆಮನೆಯ ದವಾಖಾನೆಯಲ್ಲಿ ಸೈರಕಾನ್ ಕೈಹಿಡಿತದ ಮಾಪಕವನ್ನು ಶಾಲಿನಲ್ಲಿ ಸುತ್ತಿ ಎದೆಗವಚಿಕೊಂಡು ಕೂತಿದ್ದಾರೆ. ಕಬ್ಬಿಣ ತಣ್ಣಗಿದ್ದರೆ ಮುದಿ ಬೆರಳುಗಳು ಪೂರ್ತಿ ಮಡಚುವುದಿಲ್ಲ, ಅಳತೆ ಒಂದೆರಡು ಕಿಲೋ ಕಡಿಮೆ ಬರುತ್ತದೆ. ಬೆಚ್ಚಗಾದ ಮೇಲೆ ಅದರ ಮೇಲೆ ಇಪ್ಪತ್ತು ಕಿಲೋ ತೂಕದ ಕಲ್ಲು ಇಡುತ್ತಾರೆ. ಮುಳ್ಳು ಇಪ್ಪತ್ತರ ಗೆರೆಯ ಮೇಲೆ ನಿಂತರಷ್ಟೇ ಬಾಗಿಲು ತೆರೆಯುವುದು.

ಐವತ್ತೆಂಟರ ಸೈರಕಾನ್ ಇಲ್ಲಿ ಇಪ್ಪತ್ತಾರು ವರ್ಷದಿಂದ ವೈದ್ಯರ ಸಹಾಯಕಿ. ಅರವತ್ತೈದು ದಾಟಿದ ಕೈದಿಗಳು ಮೂವತ್ತೆಂಟು ಮಂದಿ. ಹೆಚ್ಚಿನವರು ಕೊಲೆ ಮಾಡಿ ಬಂದವರು. ಮೈಬಲ ಕುಗ್ಗಿ ಇನ್ನು ಅಪಾಯವಿಲ್ಲವೇ, ಅವರನ್ನು ಪೆರೋಲ್ ಮೇಲೆ ಊರಿಗೆ ಕಳಿಸಬಹುದೇ ಎಂದು ತೀರ್ಮಾನಿಸುವ ಸಮಿತಿಯ ಮುಂದೆ ಈಕೆಯ ಚೀಟಿ ಹೋಗುತ್ತದೆ. ಹಿಡಿತ ಎಷ್ಟು ಕಿಲೋ, ಕುರ್ಚಿಯಿಂದ ಐದು ಸಲ ಏಳಲು ಎಷ್ಟು ಸೆಕೆಂಡು, ಆರು ಮೀಟರ್ ನಡೆಯಲು ಎಷ್ಟು. ಕೆಳಗಿನ ಸಹಿ ಮಾತ್ರ ವೈದ್ಯರದು.

ಇವತ್ತು ಇಸಾಬೆಕ್‌ನ ಸರದಿ. ವಯಸ್ಸು ಎಪ್ಪತ್ತಾರು. 1998ರ ವಸಂತದಲ್ಲಿ ಕಾಲುವೆ ನೀರಿನ ಸರದಿಗೆ ಜಗಳವಾಡಿ, ನೆರೆಯವನನ್ನು ಸಲಿಕೆಯಿಂದ ಹೊಡೆದು ಕೊಂದವನು. ಅದಕ್ಕೂ ಮೊದಲು, ಓಡುವ ಕುದುರೆಯಿಂದ ಬಗ್ಗಿ ಸತ್ತ ಆಡನ್ನು ನೆಲದಿಂದ ಎತ್ತಿಕೊಳ್ಳುವ ಆಟದಲ್ಲಿ ಸುತ್ತ ಹತ್ತೂರಿಗೆ ಹೆಸರಾದವನು. ಆ ಹೆಸರೇ ಕಳೆದ ವರ್ಷ ಅವನಿಗೆ ಮುಳುವಾಯಿತು.

ಅಂದು ಸಮಿತಿಯವರು ಕೋಣೆಯಲ್ಲೇ ಇದ್ದರು. ಮೆಲ್ಲಗೆ ಒತ್ತಿದರೆ ಬಿಡುಗಡೆ ಸಲೀಸು ಎಂದು ಇಸಾಬೆಕ್‌ಗೆ ಯಾರೋ ಹೇಳಿಕೊಟ್ಟಿದ್ದರು. ಮೊದಲೆರಡು ಸಲ ಮುಳ್ಳು ಇಪ್ಪತ್ತೈದು ದಾಟಲಿಲ್ಲ. ಆಗ ಸಾಲಿನಲ್ಲಿದ್ದ ಓರಗೆಯವನೊಬ್ಬ ಕೆಣಕಿದ: “ಏನೋ, ಆಡೆತ್ತಿದ ಕೈ ಈಗ ಚಹಾ ಬಟ್ಟಲಿಗೂ ಸಾಲ್ದಾ?” ಓರಗೆಯವನ ಮೂದಲಿಕೆಗೆ ಉತ್ತರ ಕೊಡದೆ ಇರುವ ಗಂಡಸು ಈ ಕಣಿವೆಯಲ್ಲಿ ಇನ್ನೂ ಹುಟ್ಟಿಲ್ಲ. ಮೂರನೆಯ ಸಲ ಮುಳ್ಳು ಮೂವತ್ನಾಲ್ಕಕ್ಕೆ ಹಾರಿತು. ಮೂರರಲ್ಲಿ ಹೆಚ್ಚಿನ ಅಳತೆ ಬರೆಯಬೇಕೆಂಬುದು ನಿಯಮ. ಸೈರಕಾನ್ ಬರೆದರು. ಪೆರೋಲ್ ಸಿಗಲಿಲ್ಲ.

“ಇಪ್ಪತ್ತೈದು ಅಂತ ಬರ್ದಿದ್ರೆ ನಿನ್ ಗಂಟೇನ್ ಹೋಗ್ತಿತ್ತು ಮಗಳೇ?” ಎಂದು ಕೇಳಿದ ಮುದುಕ ಆಮೇಲೆ ತಿಂಗಳುಗಟ್ಟಲೆ ಮಾತು ಬಿಟ್ಟ. ಚಳಿಗಾಲದಲ್ಲಿ ಅವನಿಗೆ ನ್ಯುಮೋನಿಯಾ ಆದಾಗ ಐವತ್ತೊಂದು ದಿನ ಸೂಪು ಕುಡಿಸಿದ್ದು ಈಕೆಯೇ.

ಮೊನ್ನೆ ರಜೆಯ ದಿನ ಸೈರಕಾನ್ ಇಸಾಬೆಕ್ ಕೊಂದ ನೆರೆಯವನ ಮನೆಗೂ ಹೋಗಿಬಂದರು. ಅದು ಅವರ ಕೆಲಸವಲ್ಲ. ಒಂದು ಮನೆಗೆ ತಿಳಿದ ಅಂಕಿ ಇನ್ನೊಂದು ಮನೆಗೂ ತಿಳಿಯಬೇಕು ಎಂಬುದು ಅವರ ಹಟ. ಕಳೆದ ವರ್ಷದ ಮೂವತ್ನಾಲ್ಕನ್ನೂ ಮತ್ತೆ ಅಳೆಯುವ ದಿನವನ್ನೂ ಅಲ್ಲಿ ಹೇಳಿದರು. ಸತ್ತವನ ಮಗ ಎಸೆನ್ ಚಹಾ ಕೊಟ್ಟ.

“ನಮ್ಮಪ್ಪ ನಲವತ್ತೊಂಬತ್ತಕ್ಕೇ ನಿಂತ್ಬಿಟ್ಟ, ಅಕ್ಕ. ಅವನ ಕೈ ನಡುಗೋದನ್ನ ನಾನು ನೋಡ್ಲೇ ಇಲ್ಲ. ಇವನಿಗೆ ಮುಪ್ಪು ಬಂತಲ್ಲ, ಅದೇ ದೊಡ್ಡ ವರ.”

ಹೊರಡುವಾಗ ಎಸೆನ್ ಕೇಳಿದ, ಮೂವತ್ನಾಲ್ಕು ಅಂತ ಬರೆದವರು ನೀವೇನಾ ಎಂದು. ಹೌದೆಂದಾಗ ಒಳಗೆ ಹೋಗಿ ಅರ್ಧ ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿ ತಂದ. ಈ ಕಣಿವೆಯಲ್ಲಿ, ಕೊಂದವನು ಸತ್ತವನ ಮನೆಯ ರೊಟ್ಟಿಯ ರುಚಿ ನೋಡಿದರೆ ಆ ಮನೆಯ ಹಗೆ ಮುಗಿದಂತೆ. “ಹಾಗಾದ್ರೆ ಈ ಸಲ ನೀವೇನ್ ಬರೆದ್ರೂ ನಂಬ್ತೀನಿ. ಕೈಯಲ್ಲಿ ಬಲ ಇಲ್ದಿದ್ರೆ ಇದನ್ನ ಕೊಡಿ. ಇದ್ರೆ ವಾಪಸ್ ತನ್ನಿ.”

ಏಳು ಗಂಟೆಗೆ ಇಸಾಬೆಕ್ ಗೋಡೆ ಹಿಡಿದು ಬರುತ್ತಾನೆ. ರೊಟ್ಟಿಯ ಗಂಟು ಕಪಾಟಿನೊಳಗಿದೆ. ಅದರ ಸುದ್ದಿ ಅವನಿಗೆ ಗೊತ್ತಿಲ್ಲ. “ಪೂರ್ತಿ ಒತ್ತಿ ತಾತ. ನನಗೋಸ್ಕರ ಜಾಸ್ತಿನೂ ಬೇಡ, ಕಮ್ಮಿನೂ ಬೇಡ,” ಎನ್ನುತ್ತಾರೆ ಸೈರಕಾನ್. ನಟಿಸುವ ಕೈಯ ಮೂರು ಅಳತೆಗಳು ಚದುರುತ್ತವೆ, ನಿಜವಾಗಿ ಸೋತ ಕೈಯವು ಒಟ್ಟಿಗೆ ನಿಲ್ಲುತ್ತವೆ. ಹದಿನೆಂಟು. ಹದಿನೇಳೂವರೆ. ಹದಿನೆಂಟು.

ಕಪಾಟು ತೆರೆದು ಗಂಟು ಬಿಚ್ಚುತ್ತಾರೆ, ಯಾರ ಮನೆಯದೆಂದು ಹೇಳುತ್ತಾರೆ. ಮುದುಕ ಎರಡೂ ಕೈಯಲ್ಲಿ ಹಿಡಿದು ನೋಡುತ್ತಾನೆ, ಮುರಿಯಲಾಗದು. ಮೂರು ದಿನದ ರೊಟ್ಟಿ ಗಟ್ಟಿಯಾಗಿದೆ. ಸೈರಕಾನ್ ಚೂರು ಮುರಿದು ಅಂಗೈಯಲ್ಲಿಡುತ್ತಾರೆ. ಅವನು ಅದನ್ನು ಬಾಯಿಗಿಟ್ಟು ಬಹಳ ಹೊತ್ತು ಅಗಿಯುತ್ತಾನೆ.

ಸಮಿತಿ ಕೂರುವುದು ಹತ್ತಕ್ಕೆ. ಏನು ತೀರ್ಮಾನಿಸುತ್ತದೋ ಎಂಬ ಊಹೆಗೆ ಸೈರಕಾನ್ ಹೋಗುವುದಿಲ್ಲ. “ಬಿಡ್ಬೇಕಾ, ಬ್ಯಾಡ್ವಾ ಅನ್ನೋಷ್ಟು ದೊಡ್ಡೋಳಲ್ಲ ನಾನು. ನನ್ ಮುಳ್ಳು ಎರಡು ಮನೆಗೂ ಒಂದೇ, ಅಷ್ಟೇ,” ಎಂದು ಚೀಟಿ ಎಳೆದುಕೊಳ್ಳುತ್ತಾರೆ.

ಇಸಾಬೆಕ್, ಬಲಗೈ: 18 ಕಿಲೋಗ್ರಾಂ.