ತಿಳಿಯಾದ ಕೆರೆ

ಬಾಗಿನದ ಮೊರ ಚೆಂದವಾಗಿ ತೇಲಲೆಂದು ಕೆರೆಗೆ ಮೈಲುತುತ್ತ ಕಲಸಿದವರು ನೀವು; ಹಸಿರು ಕರಗಿದೊಡನೆ ಏರಿಯ ಮೇಲೆ ‘ನೀರು ತಿಳಿಯಾಗಿದೆ, ಬಳಸಬಹುದು’ ಎಂದು ಹಲಗೆ ನೆಟ್ಟವರು ನೀವು; ಆ ಹಲಗೆಯನ್ನು ನಂಬಿ ನೀರು ಕುಡಿಸಿದ ನನ್ನ ದೊಡ್ಡವ್ವನ ಹಸು ಸತ್ತಾಗ, ಅವಳು ಹಾಕಿದ ಮೇವಿನ ಮೇಲೆ ತಪ್ಪು ಹೊರಿಸಿದವರೂ ನೀವೇ. ಕುರ್ಚಿಗಳಲ್ಲಿ ಕೂತವರಿಗೆ ಇಷ್ಟನ್ನು ನೇರವಾಗಿ ಹೇಳಿಬಿಟ್ಟ ಮೇಲೆ, ಓದುಗ ಮಿತ್ರರೇ, ನಿಮ್ಮೊಡನೆ ಸಾವಕಾಶವಾಗಿ ಮಾತಾಡಬಹುದು. ಮಾತು ಒಂದು ಬಟ್ಟೆಯ ತುಂಡಿನದು.

ದೊಡ್ಡವ್ವನ ಊರು ಪಾಂಡವಪುರದಿಂದ ಕೆ.ಆರ್. ಪೇಟೆಯ ಕಡೆಗೆ ಹೋಗುವ ದಾರಿಯಲ್ಲಿದೆ. ಅವಳ ಕೊಟ್ಟಿಗೆಯ ಗೂಟಕ್ಕೆ ಹಳೆಯ ಬಿಳಿ ಪಂಚೆಯಿಂದ ಹರಿದ ಒಂದು ತುಂಡು ಸದಾ ನೇತಾಡುತ್ತಿರುತ್ತದೆ. ಕೆರೆಯ ನೀರನ್ನು ತರುವಾಗ ಅದನ್ನು ನಾಲ್ಕು ಮಡಿಕೆ ಮಾಡಿ ಕೊಡದ ಬಾಯಿಗೆ ಬಿಗಿದು ಸೋಸುವುದು ಅವಳ ಅತ್ತೆಯ ಕಾಲದಿಂದ ಬಂದ ಪದ್ಧತಿ. ಗಂಜಾಂನಲ್ಲಿ ಹುಟ್ಟಿ, ನದಿಯ ನೀರನ್ನು ಬೊಗಸೆಯಲ್ಲೇ ಕುಡಿದು ಬೆಳೆದ ನಾನು ರಜೆಗೆ ಹೋದಾಗ ಆ ಬಟ್ಟೆಯನ್ನು ನೋಡಿ ನಗುತ್ತಿದ್ದೆ. “ನೀವು ಒಳೆ ನೀರ್ ಕುಡ್ದೋರು ಕಣವ್ವ, ದೊಡ್ಡ ಮನ್ಸರು. ನಮ್ದು ಕೆರೆ. ಅದು ತಿಂದಿದ್ನೆಲ್ಲ ಈ ಬಟ್ಟೆ ಮೇಲೆ ಕಕ್ತದೆ ನೋಡು,” ಎನ್ನುತ್ತಿದ್ದಳು. ಸುಳ್ಳಲ್ಲ. ಮಳೆ ಬಿದ್ದ ವಾರ ಬಟ್ಟೆ ಕೆಮ್ಮಣ್ಣಿನ ಬಣ್ಣ ತಾಳುತ್ತಿತ್ತು, ಚಳಿಗಾಲಕ್ಕೆ ಬಿಳುಪೇರುತ್ತಿತ್ತು. ಈಚಿನ ವರ್ಷಗಳಲ್ಲಿ ಮಾತ್ರ ಅದರ ನಡುವೆ ಒಂದು ನೀಲಿ ಬೆರೆತ ಹಸಿರು ಕಲೆ ಕೂತಿತು. ಸೋಪಿಗೆ ಬಗ್ಗಲಿಲ್ಲ, ಬಿಸಿಲಿಗೂ ಬಗ್ಗಲಿಲ್ಲ.

ಅದನ್ನು ಊರು ‘ಪಾಚಿ’ ಎಂದು ಕರೆಯಿತು. ಎಷ್ಟು ಉದಾರವಾದ ಪದ! ಬಾವಿಯ ಮೆಟ್ಟಿಲ ಮೇಲಿನ ಜಾರಿಕೆಯೂ ಪಾಚಿ, ತೊಟ್ಟಿಯ ಗೋಡೆಯ ಲೋಳೆಯೂ ಪಾಚಿ, ಹಲ್ಲುಜ್ಜದವನ ಬಾಯಲ್ಲಿರುವುದೂ ಪಾಚಿ. ಇಷ್ಟೆಲ್ಲ ನಿರಪರಾಧಿಗಳ ಸಾಲಿನಲ್ಲಿ ನುಸುಳಿ ಕೂತದ್ದು ಬೇರೊಂದು ಜೀವ. ಮೈಸೂರಿನ ತರಗತಿಗಳಲ್ಲಿ ನಾನು ಕಲಿತ ಪ್ರಕಾರ ನೀಲಿ-ಹಸಿರು ಪಾಚಿ ನಿಜವಾಗಿ ಪಾಚಿಯೇ ಅಲ್ಲ, ಅದೊಂದು ಬ್ಯಾಕ್ಟೀರಿಯಾ. ಅದರ ಕೆಲವು ಬಗೆಗಳು ಮೈಯೊಳಗೆ ವಿಷವನ್ನು ಕಟ್ಟಿಕೊಳ್ಳುತ್ತವೆ. ಪೇಟೆಯ ಚರಂಡಿಯನ್ನು ಕೆರೆಗೆ ತಿರುಗಿಸಿದವರು, ಗದ್ದೆಯ ಗೊಬ್ಬರ ತೊಳೆದುಹೋಗುವುದನ್ನು ಕಂಡೂ ಕಾಣದವರು ಅದಕ್ಕೆ ಹೊತ್ತುಹೊತ್ತಿಗೆ ಉಣಬಡಿಸಿದರು. ದೂರು ಕೊಟ್ಟವರಿಗೆ ಸಿಕ್ಕ ಉತ್ತರ ಎರಡೇ ಪದದ್ದು: “ಪಾಚಿ ತಾನೆ?”

ಆ ಎರಡು ಪದಕ್ಕೆ ಮರುಳಾಗದ ಒಂದು ಜೀವ ಊರಿನಲ್ಲಿತ್ತು. ದೊಡ್ಡವ್ವನ ಹಸು ಕೆಂದಿ, ಹೆಸರಿಗೆ ತಕ್ಕ ಕೆಂಪು ಮೈಯದು. ಅದು ಕೆರೆಯ ಅಂಚಿಗೆ ಹೋಗಿ, ಬಣ್ಣ ಕಲಸಿದಂತಿದ್ದ ಆ ಹಸಿರು ಗಂಜಿಯನ್ನು ಒಮ್ಮೆ ಮೂಸಿ, ಸಭ್ಯ ಹೆಂಗಸೊಬ್ಬಳು ಒಲ್ಲದ ಮನೆಯ ಊಟವನ್ನು ನಿರಾಕರಿಸುವಂತೆ ಮುಖ ತಿರುಗಿಸಿ ಬರುತ್ತಿತ್ತು. ಅದಕ್ಕಾಗಿ ದೊಡ್ಡವ್ವ ಊರಾಚೆಯ ಕೊಳವೆಬಾವಿಯಿಂದ ದಿನಕ್ಕೆ ಎಂಟು ಕೊಡ ಹೊತ್ತಳು, ಸೊಂಟ ಹಿಡಿದುಕೊಂಡು ಬೈಯುತ್ತಲೇ ಹೊತ್ತಳು. ಪ್ರಯೋಗಾಲಯವಿಲ್ಲದ ಊರಿನಲ್ಲಿ ಆ ಹಸುವಿನ ಮೂಗೇ ಪ್ರಯೋಗಾಲಯವಾಗಿತ್ತು. ಸಂಬಳ ಪಡೆಯುವ ಯಾರ ಮೂಗಿಗೂ ತಾಕದ ವಾಸನೆ ಅದಕ್ಕೆ ತಾಕಿತ್ತು.

ಹೀಗಿರಲು, ತುಂಬಿದ ಕೆರೆಗೆ ದೊಡ್ಡವರೊಬ್ಬರು ಬಾಗಿನ ಅರ್ಪಿಸಲು ಬರುವರೆಂಬ ಸುದ್ದಿ ಬಂತು. ಅರಿಸಿನ, ಕುಂಕುಮ, ಬಳೆ ತುಂಬಿದ ಮೊರ ನೀರಿನ ಮೇಲೆ ತೇಲಬೇಕು, ತೇಲುವುದನ್ನು ಕ್ಯಾಮೆರಾ ನೋಡಬೇಕು. ಗಂಜಿಯ ಮೇಲಾದರೋ ಮೊರ ತೇಲುವುದಿಲ್ಲ, ಅಂಟಿಕೊಳ್ಳುತ್ತದೆ. ವರ್ಷಗಳಿಂದ ಕಾಣದಿದ್ದ ಪಾಚಿ ಆಗ ಒಮ್ಮೆಲೇ ಎಲ್ಲರಿಗೂ ಕಂಡಿತು. ತೋಟದ ಬಳ್ಳಿಗಳಿಗೆ ಸುಣ್ಣದೊಂದಿಗೆ ಬೆರೆಸಿ ಹೊಡೆಯುವ ಆ ನೀಲಿ ಹರಳು, ಮೈಲುತುತ್ತ, ಗೋಣಿಚೀಲಗಳಲ್ಲಿ ಬಂದಿಳಿಯಿತು. ಚೀಲಗಳನ್ನು ತೆಪ್ಪದ ಹಿಂದೆ ಕಟ್ಟಿ, ಕೂಲಿಗೆ ಬಂದ ಸಿದ್ದ ಕೆರೆಯ ಉದ್ದಗಲಕ್ಕೂ ಎಳೆದಾಡಿದ. ನಾನೂ ದೊಡ್ಡವ್ವನೂ ಏರಿಯ ಮೇಲಿದ್ದೆವು. ಪಕ್ಕದಲ್ಲಿದ್ದ ನೆರೆಮನೆಯ ನಿಂಗಣ್ಣ ಕೂಗಿದ: “ಏನ್ಲಾ ಸಿದ್ದ, ಕೆರೆಗೆ ನೀಲಿ ಆಕ್ತಾ ಇದ್ದೀಯ, ಯಾವ್ ಸಾಯೇಬರ ಪಂಚೆ ಒಗೀಬೇಕ್ಲಾ?”

“ಸುಮ್ಕಿರ್ಲಾ! ನಾಳಿಕೆ ಬಂದು ನೀರ್ನಾಗೆ ನಿನ್ ಮೊಕ ನೋಡ್ಕೊ. ಎದ್ರುಕೊಂಡು ಊರ್ ಬುಟ್ಟು ಓಗ್ಬ್ಯಾಡ, ಅಷ್ಟೆಯ!”

ಎಲ್ಲರೂ ನಕ್ಕರು. ನಾನೂ ನಕ್ಕೆ. ಅದೇ ಸಂಜೆ ಕಿರಂಗೂರಿನ ನನ್ನ ಬಾಡಿಗೆಮನೆಗೆ ಮರಳಿಬಿಟ್ಟೆ. ತರಗತಿಯಲ್ಲಿ ಕಲಿತದ್ದು ಆ ಹೊತ್ತಿಗೆ ನೆನಪಾಗದಿದ್ದುದು ನನ್ನ ಪಾಲಿನ ತಪ್ಪು. ಅದನ್ನು ಬೇರೆಯವರ ತಲೆಗೆ ಕಟ್ಟಲಾರೆ.

ನಾಲ್ಕನೆಯ ದಿನಕ್ಕೆ ಹಸಿರು ಹೋಯಿತು. ಮೊರ ತೇಲಿತು, ಚಪ್ಪಾಳೆಯಾಯಿತು, ಹಲಗೆ ಎದ್ದುನಿಂತಿತು. ದೊಡ್ಡವ್ವ ಹಲಗೆಯನ್ನು ಅಕ್ಷರ ಅಕ್ಷರವಾಗಿ ಓದಿದಳು. ಆದರೂ ನಂಬದೆ, ಒಗೆದ ಹೊಸ ತುಂಡೊಂದನ್ನು ತಂದು ಒಂದು ಕೊಡ ನೀರನ್ನು ಸೋಸಿ ನೋಡಿದಳು. ಬಟ್ಟೆಯ ಮೇಲೆ ಒಂದು ಚುಕ್ಕೆಯೂ ಉಳಿಯಲಿಲ್ಲ. ಕೆಂದಿಯನ್ನು ನೀರಿಗಿಳಿಸಿದಳು. ಕೆಂದಿ ಮೂಸಿತು, ಈ ಸಲ ಮುಖ ತಿರುಗಿಸಲಿಲ್ಲ, ಹೊಟ್ಟೆ ತುಂಬ ಕುಡಿಯಿತು. ಮರುದಿನ ಮಧ್ಯಾಹ್ನ ಕಾಲು ನಡುಗಿ ಕುಸಿದುಬಿತ್ತು, ಮತ್ತೆ ಏಳಲಿಲ್ಲ.

ನಾನು ಕಲಿತು ಮರೆತಿದ್ದು ಇಷ್ಟು: ವಿಷ ಆ ನೀಲಿ-ಹಸಿರು ಜೀವಿಯ ಮೈಯೊಳಗಿರುತ್ತದೆ. ಮೈಲುತುತ್ತ ತಾಕಿ ಮೈ ಒಡೆದಾಗ ಅದು ನೀರಿಗೆ ಬಿಡುಗಡೆಯಾಗುತ್ತದೆ. ಬಣ್ಣ ಹೋಗುತ್ತದೆ, ವಿಷ ಉಳಿಯುತ್ತದೆ. ಬಟ್ಟೆಗೆ ಅದು ಸಿಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಕುರ್ಚಿಗಳಲ್ಲಿ ಕೂತವರೇ, ನೀವು ಕೆರೆಯಿಂದ ತೆಗೆದದ್ದು ವಿಷವನ್ನಲ್ಲ, ವಿಷದ ಗುರುತನ್ನು. ಹಸಿರಾಗಿದ್ದಷ್ಟು ದಿನ ಕೆರೆಯೇ ಹಸುವಿಗೆ ಬೇಡವೆಂದು ಹೇಳುತ್ತಿತ್ತು. ಆ ಬಾಯನ್ನು ಮುಚ್ಚಿಸಿ, ಅದರ ಪರವಾಗಿ ನೀವು ಹಲಗೆಯಲ್ಲಿ ಮಾತಾಡಿದಿರಿ.

ಪಶುವೈದ್ಯರು ಬಂದು, ಕೆರೆಯ ನೀರನ್ನು ಸೀಸೆಯಲ್ಲಿ ತುಂಬಿ ಪರೀಕ್ಷೆಗೆ ಕಳಿಸಬೇಕೆಂದರು. ಸುದ್ದಿ ಕೇಳಿ ಓಡಿಬಂದಿದ್ದ ನಾನೂ ದೊಡ್ಡವ್ವನೂ ಸೀಸೆ ಹಿಡಿದು ಹಲಗೆ ನೆಟ್ಟವರ ಕಚೇರಿಗೆ ಹೋದೆವು. ಮೇಜಿನ ಹಿಂದಿದ್ದವರು ಸೀಸೆಯನ್ನು ಬೆಳಕಿಗೆ ಹಿಡಿದು ನಕ್ಕರು. “ಇಷ್ಟು ತಿಳಿಯಾಗಿರೋ ನೀರನ್ನ ಏನಂತ ಟೆಸ್ಟ್ ಮಾಡಿಸೋದಮ್ಮ? ಮೇವಲ್ಲಿ ಏನೋ ತಿಂದಿರ್ಬೇಕು. ಏನ್ ಹಾಕಿದ್ರಿ?” ಎಂದು ದೊಡ್ಡವ್ವನನ್ನು ಕೇಳಿದರು. ನೀರಿಗೆ ಏನು ಹಾಕಿದಿರೆಂದು ನಾನು ಕೇಳಿದಾಗ ಮಾತ್ರ, “ಅದು ನಮಗೆ ತಿಳಿಯದು,” ಎಂದರು.

ನಮ್ಮ ನುಡಿಯ ಸೊಗಸನ್ನು ನೋಡಿ, ಮಿತ್ರರೇ: ಕದಡಿದ ನೀರು ಕೆಸರನ್ನು ತಳಕ್ಕಿಳಿಸಿ ನಿಲ್ಲುವುದೂ ತಿಳಿ, ಮನಸ್ಸು ನಿಜವನ್ನು ಅರಿಯುವುದೂ ತಿಳಿ. ನೀರಿನೊಳಗೆ ತಳ ಕಾಣುವಂತೆ ಮಾತಿನೊಳಗೆ ನಿಜ ಕಾಣಬೇಕೆಂದು ಬಯಸಿದವರು ಈ ಎರಡಕ್ಕೂ ಒಂದೇ ಪದವನ್ನು ಇಟ್ಟಿರಬೇಕು. ಕುರ್ಚಿಯವರೇ, ನಿಮ್ಮ ಆಡಳಿತ ಅದನ್ನು ಸೀಳಿತು. ಕೆರೆ ತಿಳಿಯಾಯಿತು, ಕಚೇರಿಗೆ ಏನೂ ತಿಳಿಯದಾಯಿತು. ಸಾಬೀತಾಗಿಲ್ಲ ಎಂದು ನೀವು ಹೇಳುವಿರಿ, ಬಲ್ಲೆ. ಸಾಬೀತು ಮಾಡಬಹುದಾಗಿದ್ದ ಸೀಸೆ ನಿಮ್ಮ ಕಿಟಕಿಯ ಕಟ್ಟೆಯ ಮೇಲೆ ಧೂಳು ತಿನ್ನುತ್ತಿದೆ.

ಸತ್ತ ಹಸುವನ್ನು ಈ ಬರಹ ಎಬ್ಬಿಸಲಾರದು. ಆದರೆ ಕಚೇರಿಯ ಆ ಒಂದು ಪ್ರಶ್ನೆ ದೊಡ್ಡವ್ವನೊಳಗೆ ಇಳಿದುಬಿಟ್ಟಿದೆ. ಕೆಂದಿಯ ಕರುವಿನ ಮುಂದೆ ಹುಲ್ಲು ಹಾಕುವ ಮುಂಚೆ ಪ್ರತಿ ಹಿಡಿಯನ್ನೂ ಬಿಡಿಸಿ ಮೂಸುತ್ತಾಳೆ. ಎಂಟು ಕೊಡದ ಹೊರೆ ಮತ್ತೆ ಸೊಂಟಕ್ಕೇರಿದೆ. ಕೊಳವೆಬಾವಿಯ ನೀರನ್ನೂ ಈಗ ಎಂಟು ಮಡಿಕೆಯಲ್ಲಿ ಸೋಸುತ್ತಾಳೆ. “ನನ್ ಕೈಯಾರ ಕೊಂದ್ಬುಟ್ನಲ್ಲ ಮಗಾ. ಮೇವೋ ನೀರೋ, ಒಂದ್ನಾದ್ರೂ ಏಳ್ಬಾರ್ದಾ ಅವ್ರು?” ಎನ್ನುತ್ತಾಳೆ.

ಆದ್ದರಿಂದ ಸಂಬಂಧಪಟ್ಟವರಲ್ಲಿ ಸವಿನಯವಾಗಿ ಕೋರುತ್ತೇನೆ. ಕೆರೆಗೆ ಎಷ್ಟು ಮೈಲುತುತ್ತವನ್ನು ಯಾರ ಅಪ್ಪಣೆಯ ಮೇರೆಗೆ ಹಾಕಲಾಯಿತು, ಹಲಗೆ ನೆಡುವ ಮುನ್ನ ನೀರನ್ನು ಯಾರು ಪರೀಕ್ಷಿಸಿದರು, ಯಾರೂ ಪರೀಕ್ಷಿಸದಿದ್ದರೆ ‘ಬಳಸಬಹುದು’ ಎಂಬ ಪದವನ್ನು ಬರೆಸಿದ ಕೈ ಯಾವುದು ಎಂಬುದನ್ನು ನನ್ನ ದೊಡ್ಡವ್ವ ಅಕ್ಷರ ಅಕ್ಷರವಾಗಿ ಓದಬಲ್ಲ ಕನ್ನಡದಲ್ಲಿ ಲಿಖಿತವಾಗಿ ತಿಳಿಸಬೇಕು. ಹಲಗೆಯನ್ನು ಇಂದೇ ಕೀಳಿಸಿ, ಕಿಟಕಿಯ ಮೇಲಿನ ಸೀಸೆಯ ಜೊತೆಗೆ ಕೆರೆಯಿಂದ ಹೊಸದಾಗಿ ತುಂಬಿದ ನೀರನ್ನೂ ಪರೀಕ್ಷೆಗೆ ಕಳಿಸಿ, ವರದಿ ಬರುವವರೆಗೆ ಊರಿನ ದನಗಳಿಗೆ ಬೇರೆ ನೀರು ಕೊಡಿಸಬೇಕು. ಚರಂಡಿಯ ಬಾಯನ್ನು ಕೆರೆಯಿಂದ ತಿರುಗಿಸಬೇಕು.

ಈ ಮನವಿಗೆ ಅಂದು ನೀರು ಸೋಸಿದ ಆ ಬಟ್ಟೆಯ ತುಂಡನ್ನು ಲಗತ್ತಿಸಿದ್ದೇನೆ. ಅದರ ಮೇಲೆ ಯಾವ ಕಲೆಯೂ ಇಲ್ಲ. ದಯವಿಟ್ಟು ಬೆಳಕಿಗೆ ಹಿಡಿದು ನೋಡಿ: ನನ್ನ ದೊಡ್ಡವ್ವನನ್ನು ಮೋಸಗೊಳಿಸಿದ ಬಿಳುಪು ಅದು.