ಮಂಗಳ ಹಾಡುವವರೆಗೆ

ಯುಗಾದಿಯ ಸಾಯಂಕಾಲ ಚಾಮರಾಜಪೇಟೆಯ ನಮ್ಮ ಬೀದಿಯ ಹೆಂಗಸರೆಲ್ಲ ಒಂದು ಜಗಲಿಯ ಮೇಲೆ ಸೇರುತ್ತಿದ್ದರು. ಗಂಡಸರು ಪಂಚಾಂಗ ಕೇಳಿ, ಬರುವ ವರ್ಷ ಮಳೆ ಎಷ್ಟು ಬೆಳೆ ಎಷ್ಟು ಎಂದು ತಿಳಿದುಕೊಳ್ಳುವ ಹೊತ್ತಿಗೆ ನಮ್ಮವರು ಕಳೆದ ವರ್ಷದ ವಿಚಾರ ತೆಗೆಯುತ್ತಿದ್ದರು. ಯಾವ ನಾಟಕ ಚೆನ್ನಾಗಿತ್ತು, ಯಾವ ಹರಿಕಥೆಯಲ್ಲಿ ತೂಕಡಿಸಿದೆವು, ಯಾವ ಕಾದಂಬರಿ ಓದುತ್ತಾ ಕೂತು ಅನ್ನ ಸೀದುಹೋಯಿತು, ಇದೇ ಮಾತು. ಒಬ್ಬೊಬ್ಬರೂ ತಮಗೆ ಹಿಡಿಸಿದ್ದನ್ನು ಹೇಳಬೇಕು, ಉಳಿದವರು ಒಪ್ಪಬೇಕು, ಇಲ್ಲವೇ ಜಗಳ ತೆಗೆಯಬೇಕು. ಮದುವೆಯಾಗಿ ಬಂದ ಮೊದಲ ಯುಗಾದಿಯಲ್ಲಿ ನನಗೆ ಆ ಮನೆಗಿಂತ ಆ ಜಗಲಿಯೇ ಹೆಚ್ಚು ಹಿಡಿಸಿತ್ತು.

ಎರಡು ವರ್ಷದ ಮೇಲೆ ಎಲ್ಲರೂ ನನ್ನ ಕಡೆಗೇ ತಿರುಗಿದರು. "ನೀನು ಹೇಳಮ್ಮ, ಅತ್ತೆ ಸೊಸೆ ಈ ವರ್ಷ ಒಂದು ನಾಟಕಾನೂ ಬಿಟ್ಟಿಲ್ವಲ್ಲ" ಎಂದರು ಎದುರುಮನೆಯವರು. ಮಾತಿನಲ್ಲಿ ಮುಳ್ಳಿತ್ತು. ಗಂಡ ಮನೆ ಬಿಟ್ಟು ಹೋಗಿ ವರ್ಷವಾಗಿರುವ ಹೆಂಗಸು ಭಾನುವಾರ ಬಂತೆಂದರೆ ಹೂ ಮುಡಿದು ನಾಟಕಕ್ಕೆ ಹೊರಡುತ್ತಾಳೆಂದರೆ ಬೀದಿಗೆ ಅದಕ್ಕಿಂತ ದೊಡ್ಡ ನಾಟಕ ಬೇರೆ ಬೇಕೆ? ನಾನು ಬೇವುಬೆಲ್ಲ ಬಾಯಿಗೆ ಹಾಕಿಕೊಂಡೆ. ಆವತ್ತು ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ. ಹಾಗೆ ಚುಚ್ಚಿದವರು ಯಾರೂ ಈಗ ಇಲ್ಲ, ಅದೊಂದು ಬೇಸರ.

ನನ್ನ ಗಂಡ ಪೆಟ್ಟಿಗೆ ನುಡಿಸುತ್ತಿದ್ದರು. ಹಾರ್ಮೋನಿಯಂ ಅನ್ನುವುದನ್ನು ನಮ್ಮ ಮನೆಯಲ್ಲಿ ಪೆಟ್ಟಿಗೆ ಎಂದೇ ಕರೆಯುತ್ತಿದ್ದೆವು. ಮಾವನವರದು ಕಾಟನ್‌ಪೇಟೆಯಲ್ಲಿ ಸಗಟು ಜವಳಿ ವ್ಯಾಪಾರ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ವಿಭೂತಿ ಇಟ್ಟುಕೊಂಡು ಅಂಗಡಿಯ ಗಾದಿಯ ಮೇಲೆ ಕೂತರೆ ದೀಪ ಹಚ್ಚುವವರೆಗೆ ಏಳದ ಮನುಷ್ಯ. ಒಬ್ಬನೇ ಮಗನನ್ನು ಪಕ್ಕದಲ್ಲಿ ಕೂಡಿಸಿಕೊಂಡರೆ, ಮಗ ಗಿರಾಕಿಯ ಮುಂದೆ ಬಟ್ಟೆಯ ಥಾನಿನ ಮೇಲೆ ಬೆರಳಾಡಿಸುತ್ತಿದ್ದರಂತೆ. ಒಂದು ದಿನ ಊಟದ ಹೊತ್ತಿನಲ್ಲಿ ಮಾವನವರು, "ಅಂಗಡಿ ಬೇಕೋ ಪೆಟ್ಟಿಗೆ ಬೇಕೋ, ಇವತ್ತು ಹೇಳ್ಬಿಡು" ಎಂದರು. ಮಾರನೆಯ ದಿನ ಬೆಳಿಗ್ಗೆ ಪೆಟ್ಟಿಗೆಯೂ ಇರಲಿಲ್ಲ, ಇವರೂ ಇರಲಿಲ್ಲ. ಯಾವುದೋ ನಾಟಕ ಕಂಪನಿ ಸೇರಿದ್ದಾರೆ ಎಂದು ಒಂದು ವಾರದ ಮೇಲೆ ಪೇಟೆಯಲ್ಲಿ ಸುದ್ದಿಯಾಯಿತು.

ಅಪ್ಪನಿಗೆ ಉತ್ತರ ಕೊಟ್ಟು ಹೋದರು, ಸರಿ. ನನಗೊಂದು ಮಾತು ಹೇಳಿ ಹೋಗಬಾರದಾಗಿತ್ತೆ? ನನಗೆ ತಂದೆತಾಯಿ ಇರಲಿಲ್ಲ, ತವರೆಂದರೆ ಅಣ್ಣನ ಮನೆ, ಅಲ್ಲಿ ಅತ್ತಿಗೆಯ ಮುಖ ನೋಡಿಕೊಂಡು ಉಣ್ಣಬೇಕು. ಮಡಿಲಲ್ಲಿ ಮಗುವೂ ಇರಲಿಲ್ಲ. ಅವರು ತಿರುಗಿ ಬಂದರೆ ನನಗೊಂದು ಬಾಳು. ಬಾರದಿದ್ದರೆ, ಮಗನೇ ಇಲ್ಲದ ಮನೆಯಲ್ಲಿ ಸೊಸೆ ಅಂದರೆ ಯಾರು? ಅಡಿಗೆಯವಳಿಗಾದರೂ ಬಿಟ್ಟುಹೋಗುವ ಸ್ವಾತಂತ್ರ್ಯವಿರುತ್ತದೆ.

ಹುಡುಕುವ ಯೋಚನೆ ಅತ್ತೆಯದು. "ಕಂಪನಿಗಳು ಊರೂರು ಸುತ್ತಿ ಬೆಂಗಳೂರಿಗೆ ಬರ್ಲೇಬೇಕಲ್ಲ ಮಗ, ಬಂದ ಕಂಪನಿಗೆಲ್ಲ ಹೋಗ್ತಾ ಇರೋಣ" ಎಂದರು. ಮಾವನವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಆದರೆ ಭಾನುವಾರ ಊಟವಾದ ಮೇಲೆ ಜಟಕಾ ಒಂದು ತಾನಾಗಿ ಬಂದು ನಮ್ಮ ಬಾಗಿಲಲ್ಲಿ ನಿಲ್ಲುತ್ತಿತ್ತು. ಅದನ್ನು ಹೇಳಿಕಳಿಸಿದವರು ಯಾರೆಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಕಷ್ಟವೇನೆಂದರೆ, ಪೆಟ್ಟಿಗೆ ಮೇಷ್ಟ್ರು ಕಣ್ಣಿಗೆ ಬೀಳುವವರಲ್ಲ. ರಂಗದ ಪಕ್ಕದಲ್ಲಿ ಪರದೆಯ ಮರೆಗೆ ಕೂತಿರುತ್ತಾರೆ, ಹೆಂಗಸರ ಕಡೆಯಿಂದ ಮೊಣಕೈಯೂ ಕಾಣಿಸುವುದಿಲ್ಲ. ಬಾಗಿಲಲ್ಲಿ ವಿಚಾರಿಸಿದರೆ ಹೆಸರು ಕೇಳುತ್ತಿದ್ದರು. ನಾನು ಹೇಳುವ ಹಾಗಿರಲಿಲ್ಲ, ಅತ್ತೆ ಹೇಳುತ್ತಿದ್ದರು, ಕಂಪನಿಯವರು ಆ ಹೆಸರಿನವರು ಯಾರೂ ಇಲ್ಲ ಅನ್ನುತ್ತಿದ್ದರು. ಕಂಪನಿ ಸೇರಿದವರು ಹೆಸರು ಬದಲಾಯಿಸಿಕೊಳ್ಳುತ್ತಾರೆಂದು ಆಮೇಲೆ ತಿಳಿಯಿತು. ಕೊನೆಗೆ ಉಳಿದದ್ದು ನನ್ನ ಕಿವಿ. ಹಾಡು ಎತ್ತಿಕೊಳ್ಳುವ ಮುಂಚೆ ಇವರು ಒಂದು ಸ್ವರವನ್ನು ಮೆಲ್ಲಗೆ ಮುಟ್ಟಿ ಬೆರಳು ತೆಗೆದುಬಿಡುತ್ತಿದ್ದರು, ಸಾರಿನ ಉಪ್ಪು ನೋಡುವ ಹಾಗೆ. ನಾನು ಅದೊಂದಕ್ಕೆ ಕಾದು ಕೂರುತ್ತಿದ್ದೆ. ಹೀಗಾಗಿ ಆ ವರ್ಷ ನೋಡಿದ ನಾಟಕಗಳಲ್ಲಿ ಅರ್ಧಕ್ಕರ್ಧ ನಾನು ಕಣ್ಣು ಮುಚ್ಚಿಕೊಂಡು ನೋಡಿದ್ದು.

ಆದರೂ ಮೆಚ್ಚಿದ್ದನ್ನು ಮೆಚ್ಚಿದೆ ಅನ್ನಬೇಕು. ಬಸವನಗುಡಿಯ ಬಯಲಿನಲ್ಲಿ ಹಾಕಿದ್ದ ಒಂದು ಡೇರೆಯಲ್ಲಿ, ರಾಜನ ಕತ್ತಿ ಒರೆಯಲ್ಲಿ ಕಚ್ಚಿಕೊಂಡು ಹೊರಕ್ಕೇ ಬರಲಿಲ್ಲ. ಎಳೆದೂ ಎಳೆದೂ ಸಾಕಾಗಿ ಒರೆಯಿಂದಲೇ ವೈರಿಯ ತಲೆಗೆ ಮೊಟಕಿದ, ವೈರಿ ಪಾಪ ಮರ್ಯಾದೆಯಿಂದ ಸತ್ತ. ನಾನೂ ಅತ್ತೆಯೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ನಿಂತ ಮೇಲೆ ಅತ್ತೆಗೆ ನಾಚಿಕೆಯಾಗಿ ಕಣ್ಣಲ್ಲಿ ನೀರು ಬಂತು. ಕಲೆಯ ವಿಷಯ ಬಲ್ಲವರು ಏನಾದರೂ ಹೇಳಲಿ, ಆ ವರ್ಷದ ಒಳ್ಳೆಯ ನಾಟಕ ನನ್ನ ಪಾಲಿಗೆ ಅದೇ. ಒಂದು ಸಲ ಟೆಂಟ್ ಸಿನಿಮಾಕ್ಕೂ ಹೋದೆವು. ಅತ್ತೆ ಅಲ್ಲಿಯೂ ಪರದೆಯ ಮೇಲೆ ಜಾತ್ರೆಯ ಜನ ಬಂದಾಗಲೆಲ್ಲ ಮುಂದಕ್ಕೆ ಬಗ್ಗಿ ಹುಡುಕುತ್ತಿದ್ದರು. ಇದು ಯಾವತ್ತೋ ಎಲ್ಲೋ ತೆಗೆದದ್ದು ಎಂದು ಹೇಳಿದರೆ, "ಇರ್ಲಿ, ನೋಡೋದಕ್ಕೇನು" ಎಂದರು.

ವಾರದ ಉಳಿದ ದಿನ ಪುಸ್ತಕ. ಎರಡು ಬೀದಿ ಆಚೆಯ ವಾಚನಾಲಯದಿಂದ ಕಾದಂಬರಿ ತಂದು ಮಧ್ಯಾಹ್ನ ಅತ್ತೆಗೆ ಓದಿ ಹೇಳುತ್ತಿದ್ದೆ, ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಆಗಿನ ಕಾದಂಬರಿಗಳಲ್ಲಿ ಮನೆ ಬಿಟ್ಟುಹೋಗುವ ಗಂಡಂದಿರಿಗೆ ಬರವಿರಲಿಲ್ಲ. ಹೋದವನು ತಿರುಗಿ ಬಾರದ ಕಥೆಗಳಲ್ಲಿ ನಾನೇ ಅವನನ್ನು ಕೈಹಿಡಿದು ಎಳೆದುಕೊಂಡು ಬಂದು ಬಾಗಿಲಲ್ಲಿ ನಿಲ್ಲಿಸುತ್ತಿದ್ದೆ. ಅಚ್ಚಾದದ್ದನ್ನು ಬಿಟ್ಟು ಬೇರೆ ಓದಲು ಧೈರ್ಯ ಬೇಕು, ಮುಖ ಕೆಂಪಾಗುತ್ತದೆ. ಅತ್ತೆ ಮಾತ್ರ, "ಎಷ್ಟು ಚೆನ್ನಾಗಿ ಬರೀತಾರೆ ನೋಡು" ಎಂದು ಬರೆದವರನ್ನು ಹೊಗಳುತ್ತಿದ್ದರು. ನನಗೆ ಹಿಡಿಸಿದ್ದು ಬೇರೆಯೇ ಒಂದು. ರಟ್ಟು ಕಿತ್ತುಹೋಗಿದ್ದರಿಂದ ಅದರ ಹೆಸರು ತಿಳಿಯಲಿಲ್ಲ. ಅದರಲ್ಲಿ ಹೆಂಡತಿಯೇ ಮನೆ ಬಿಟ್ಟು ಹೊರಡುತ್ತಾಳೆ. ಅದನ್ನು ಅತ್ತೆಗೆ ಓದಲಿಲ್ಲ, ಹಿತ್ತಿಲಲ್ಲಿ ಒಬ್ಬಳೇ ಕೂತು ಓದಿ ವಾಪಸು ಕೊಟ್ಟೆ.

ಫಾಲ್ಗುಣದಲ್ಲಿ, ಶಿವರಾತ್ರಿ ಕಳೆದ ಮೇಲೆ, ಶೇಷಾದ್ರಿಪುರದ ಕಡೆ ಒಂದು ಕಂಪನಿ ಬಂತು. ಭಾನುವಾರ ಮಧ್ಯಾಹ್ನದ ಆಟ, ಶಿವಪಾರ್ವತಿಯರ ಮದುವೆಯ ನಾಟಕ. ಇಂಟರ್ವಲ್‌ವರೆಗೆ ಪೆಟ್ಟಿಗೆಯ ಮೇಲೆ ಯಾರದೋ ಒರಟು ಕೈ. ಕೊನೆಯ ಅಂಕದಲ್ಲಿ ಮದುವೆಯ ಮಂಟಪದ ಪರದೆ ಬಿತ್ತು, ಹಾಡು ಶುರುವಾಗಬೇಕು, ಅಷ್ಟರಲ್ಲಿ ಒಂದು ಸ್ವರ ಮೆಲ್ಲಗೆ ಕೇಳಿಸಿ ಹಿಂದೆ ಸರಿಯಿತು.

"ಅತ್ತೆ, ಅವರೇ" ಎಂದೆ. ಅತ್ತೆ ಕೇಳಿಸಿಕೊಂಡು ಕೈಮುಗಿದರು. ನಾನು ಏಳಲು ಹೋದೆ. ಅವರು ನನ್ನ ಮುಂಗೈ ಹಿಡಿದುಕೊಂಡರು.

"ಮಂಗಳ ಆಗ್ಲಿ ಮಗ."

"ಹೋಗಿಬಿಟ್ರೆ?"

"ಎಲ್ಲಿಗೆ ಹೋಗ್ತಾನೆ, ಪೆಟ್ಟಿಗೆ ಮುಂದೆ ಕೂತಿದಾನೆ. ಸ್ವಾಮಿ ಮದ್ವೆ ನಡೀತಿದೆ, ಧಾರೆ ಆಗೋ ಹೊತ್ನಲ್ಲಿ ಮುತ್ತೈದೆ ಎದ್ದು ಹೋಗ್ಬಾರ್ದು. ನಿನಗೇ ಒಳ್ಳೇದಲ್ಲ."

ಇದು ನಮ್ಮಲ್ಲಿ ಎಲ್ಲರೂ ನಂಬಿದ್ದ ಮಾತು. ಮಂಗಳ ಹಾಡಿ ಆರತಿಯಾಗದೆ ನಾಟಕದಿಂದ ಏಳುವುದೆಂದರೆ ಪೂಜೆಯ ನಡುವೆ ಎದ್ದ ಹಾಗೆ. ಅದರಲ್ಲೂ ಶಿವನ ಮದುವೆ. ಅತ್ತೆ ವರ್ಷವೆಲ್ಲ ಹರಕೆ ಹೊತ್ತದ್ದು ಆ ಶಿವನಿಗೇ. ಅವನು ಕೊನೆಗೂ ಕೊಡುತ್ತಿರುವಾಗ ಅವನ ಮದುವೆಯಿಂದಲೇ ಎದ್ದು ಹೋಗುವುದು ಅವರಿಂದಾಗಲಿಲ್ಲ. ನಾನೂ ಕೂತೆ. ಪೆಟ್ಟಿಗೆ ನುಡಿಯುತ್ತಿತ್ತು, ನಾನು ಬಾಯಿಗೆ ಸೆರಗು ಹಿಡಿದುಕೊಂಡು ಅಳುತ್ತಿದ್ದೆ, ಅತ್ತೆಯ ಹಿಡಿತ ಸಡಿಲವಾಗಲಿಲ್ಲ.

ಧಾರೆಯಾಯಿತು. ದೇವತೆಗಳು ಅಕ್ಷತೆ ಹಾಕಿದರು. ಕಂಪನಿಯವರೆಲ್ಲ ಸಾಲಾಗಿ ನಿಂತು ಮಂಗಳ ಎತ್ತಿಕೊಂಡರು, ಕರ್ಪೂರ ಹತ್ತಿಸಿದರು. ಆಗ ಪೆಟ್ಟಿಗೆಯ ಕೈ ಬದಲಾಗಿದೆ ಎಂದು ನನ್ನ ಕಿವಿಗೆ ತಿಳಿಯಿತು. ಮತ್ತೆ ಅದೇ ಒರಟು ಕೈ. ತಿಳಿದೂ ಎಲ್ಲರ ಜೊತೆ ಕೈಮುಗಿದುಕೊಂಡು ನಿಂತಿದ್ದೆ, ಆರತಿ ಮುಗಿಯುವವರೆಗೆ.

ಹಿಂದುಗಡೆ ಹೋದಾಗ ಮದುವೆಹೆಣ್ಣಿನ ತಂದೆಯ ವೇಷದವರು ಮುಖದ ಬಣ್ಣ ಒರೆಸಿಕೊಳ್ಳುತ್ತಿದ್ದರು. ಕಂಪನಿಯ ಮ್ಯಾನೇಜರೂ ಅವರೇ. ಅತ್ತೆ, "ಪೆಟ್ಟಿಗೆ ಮೇಷ್ಟ್ರ ತಾಯಿ ನಾನು, ಇವಳು ಅವನ ಹೆಂಡ್ತಿ" ಎಂದರು. ಅವರು ಬಟ್ಟೆ ಕೆಳಗಿಟ್ಟು ಎದ್ದು ನಿಂತರು.

"ಈಗ ತಾನೆ ಹೋದ್ರು ತಾಯಿ. ಪರದೆ ಸಂದೀಲಿ ಹೆಂಗಸರ ಕಡೆ ನೋಡ್ತಾ ಕೂತಿದ್ರು. ಧಾರೆ ಮುಗೀತಿದ್ದ ಹಾಗೆ ಮೈ ಸರಿಯಿಲ್ಲ, ಮಂಗಳಕ್ಕೆ ನೀನು ನುಡಿಸು ಅಂತ ತಬಲದವನ ತಮ್ಮನಿಗೆ ಹೇಳಿ ಎದ್ರು. ನಾನು ಬಂದು ನೋಡೋ ಹೊತ್ತಿಗೆ ಅವರ ಟ್ರಂಕೂ ಇಲ್ಲ."

"ಎಲ್ಲಿಗೆ ಹೋದ್ರು?" ಎಂದೆ.

"ನಂಗೊತ್ತಿಲ್ಲಮ್ಮ. ಸಂಜೆ ಆಟಕ್ಕೆ ಪೆಟ್ಟಿಗೆ ಯಾರು ನುಡಿಸ್ಬೇಕೋ ಅದೂ ಗೊತ್ತಿಲ್ಲ" ಎಂದು ಅವರು ತಲೆಯ ಮೇಲೆ ಕೈಯಿಟ್ಟುಕೊಂಡು ಕೂತರು.

ಜಟಕಾದವನನ್ನು ಓಡಿಸಿಕೊಂಡು ರೈಲ್ವೆ ಸ್ಟೇಷನ್ನಿಗೆ ಹೋದೆವು. ಹೊರಡಲು ನಿಂತಿದ್ದ ಗಾಡಿಯ ಒಂದೊಂದು ಕಿಟಕಿಗೂ ಅತ್ತೆ ಮಗನ ಹೆಸರು ಹಿಡಿದು ಕೂಗುತ್ತಾ ಹೋದರು. ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆ ಎಂದು ನನಗೆ ಕಲಿಸಿದ್ದರು. ಕೊನೆಯ ಡಬ್ಬಿಯ ಹತ್ತಿರ ನಾನೂ ಕೂಗಿಬಿಟ್ಟೆ. ಯಾರೋ ಗುರುತಿಲ್ಲದವನೊಬ್ಬ ತಿರುಗಿ, "ನನ್ನನ್ನಾ ಕರೆದಿದ್ದು?" ಎಂದು ಕೇಳಿದ. ಗಾಡಿ ಹೊರಟಿತು. ಓಕಳಿಪುರದ ಕಡೆ ಹಳಿ ತಿರುಗುವಲ್ಲಿ ಕೊನೆಯ ಡಬ್ಬಿಯೂ ಮರೆಯಾಯಿತು. ಅವರು ಅದರೊಳಗೆ ಇದ್ದರೋ ಇಲ್ಲವೋ ಇವತ್ತಿಗೂ ತಿಳಿಯದು. ಆಮೇಲೆ ಬಂದ ಯಾವ ಕಂಪನಿಯಲ್ಲೂ ಅವರಿರಲಿಲ್ಲ.

ವಾಪಸು ಬರುವಾಗ ಜಟಕಾದಲ್ಲಿ ಅತ್ತೆ, "ನಮ್ಮನ್ನ ನೋಡಿದ್ನಂತಲ್ಲ" ಎಂದರು. ದನಿಯಲ್ಲಿ ಸ್ವಲ್ಪ ಸಂತೋಷವೇ ಇತ್ತು. "ತೆಳ್ಳಗಾಗಿದಾನೋ ಏನೋ, ಅದೊಂದು ಕೇಳ್ಲೇ ಇಲ್ಲ."

"ಎದ್ದು ಓಡೋಷ್ಟು ಕಸುವಿದೆ ಅತ್ತೆ" ಎಂದೆ.

ತಾಯಿಯನ್ನು ನೋಡಿ ಓಡಿದರೋ, ನನ್ನನ್ನು ನೋಡಿ ಓಡಿದರೋ, ನನಗೆ ಆ ಹೊತ್ತಿಗೆ ತಿಳಿಯಬೇಕಾಗಿದ್ದದ್ದು ಅದೊಂದೇ. ನಮ್ಮಿಬ್ಬರಲ್ಲಿ ಒಬ್ಬರೇ ಹೋಗಿದ್ದರೆ ಅವರು ಬರುತ್ತಿದ್ದರೇನೋ ಎಂದು ಯೋಚಿಸುತ್ತಲೇ ಇದ್ದೆ. ಅತ್ತೆ ತಮ್ಮ ಬಲಗೈಯನ್ನು ಮಡಿಲಲ್ಲಿ ಮೇಲುಮುಖವಾಗಿ ಇಟ್ಟುಕೊಂಡು ನೋಡುತ್ತಿದ್ದರು.

"ನಾನು ಬಿಟ್ಟಿದ್ರೆ ನೀನು ಹಿಡೀತಿದ್ದೆ, ಅಲ್ವಾ ಮಗ?"

ಇಲ್ಲ ಅತ್ತೆ, ಹೋಗುವವರನ್ನು ಯಾರು ಹಿಡಿಯುತ್ತಾರೆ ಎಂದು ಹೇಳಬಹುದಾಗಿತ್ತು. ನಾನು "ಹೂಂ" ಎಂದೆ.

ಆಮೇಲೆ ಬದುಕಿದ್ದಷ್ಟು ಕಾಲ ಅತ್ತೆ ನನ್ನನ್ನು ಯಾವುದಕ್ಕೂ ತಡೆಯಲಿಲ್ಲ. ಇರಬೇಕು ಅನ್ನಿಸಿದರೆ ಇರು, ಹೋಗಬೇಕು ಅನ್ನಿಸಿದರೆ ಹೋಗು, ನಿನ್ನಿಷ್ಟ ಎಂದರು. ಹೋಗುವುದಕ್ಕೆ ನನಗೆ ಎಲ್ಲೂ ಜಾಗವಿರಲಿಲ್ಲ.